ಬುಕ್ ಆಫ್ ಕಾಂಕಾರ್ಡ್: ಯಾವ ಆವೃತ್ತಿ ಕೊಳ್ಳಬೇಕು, ಹೇಗೆ ಒರೆಗೆ ಹಚ್ಚಬೇಕು

ಹದಿನಾರನೇ ಶತಮಾನದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರನ ಹಾದಿಯ ಲೂಥರನ್ ಸಭೆ ಏನನ್ನು ಬೋಧಿಸುತ್ತದೆ ಎಂದು ಕೇಳಿದವರ ಕೈಗೆ ಕೊಡಬಹುದಾದ ಪುಸ್ತಕ ಒಂದೇ, ಬುಕ್ ಆಫ್ ಕಾಂಕಾರ್ಡ್, ಅಂದರೆ ಆ ಸಭೆಯ ಅರಿಕೆಗಳ (ನಂಬಿಕೆಯನ್ನು ಬಹಿರಂಗವಾಗಿ ಸಾರುವ ದಾಖಲೆಗಳ) ಸಂಗ್ರಹ. ಮೂಲ ಜರ್ಮನ್ ಮತ್ತು ಲ್ಯಾಟಿನ್. ಇಂಗ್ಲಿಷಿನಲ್ಲಿ ಓದುವವರ ಮುಂದೆ ಇವತ್ತು ಮುಖ್ಯವಾಗಿ ಮೂರು ಆಯ್ಕೆಗಳಿವೆ. ಮೊದಲನೆಯದು 1921ರ ಟ್ರಿಗ್ಲಾಟ್ಟಾ, ಅಂದರೆ ಜರ್ಮನ್, ಲ್ಯಾಟಿನ್, ಇಂಗ್ಲಿಷ್ ಮೂರೂ ಒಟ್ಟಿಗೆ ಇರುವ ದಪ್ಪ ಸಂಪುಟ. ಎರಡನೆಯದು ರಾಬರ್ಟ್ ಕೋಲ್ಬ್ ಮತ್ತು ತಿಮೊಥಿ ವೆಂಗರ್ಟ್ ಸಂಪಾದಿಸಿ 2000ದಲ್ಲಿ ಫೋರ್ಟ್ರೆಸ್ ಪ್ರೆಸ್ ಹೊರತಂದದ್ದು. ಮೂರನೆಯದು ಕಾಂಕಾರ್ಡಿಯಾ ಪಬ್ಲಿಷಿಂಗ್ ಹೌಸ್ 2005ರಲ್ಲಿ ತಂದು ಮರುವರ್ಷವೇ ಪರಿಷ್ಕರಿಸಿದ ‘ರೀಡರ್ಸ್ ಎಡಿಷನ್’. ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಬಳಸಲು ಕೂತಾಗ ಮಾತ್ರ ಮೂರೂ ಮೂರು ದಾರಿ.

ಇಂಥ ಪುಸ್ತಕದ ವಿಮರ್ಶೆಯನ್ನು ರಟ್ಟು, ಕಾಗದ, ಅಕ್ಷರದ ಗಾತ್ರದಿಂದ ಶುರುಮಾಡಬಹುದು. ಆದರೆ ತನ್ನನ್ನು ಹೇಗೆ ಅಳೆಯಬೇಕು ಎಂದು ಈ ಪುಸ್ತಕ ತಾನೇ ಹೇಳಿಬಿಟ್ಟಿದೆ. ಇದರ ಕೊನೆಯ ದಾಖಲೆಯಾದ ಫಾರ್ಮುಲಾ ಆಫ್ ಕಾಂಕಾರ್ಡ್‌ನ ಸಂಕ್ಷಿಪ್ತ ಭಾಗಕ್ಕೆ ಎಪಿಟಮಿ ಎಂದು ಹೆಸರು. ಅದರ ಬಾಗಿಲಲ್ಲೇ ‘ನಿಯಮ ಮತ್ತು ಮಾನದಂಡ’ ಎಂಬ ಪುಟ್ಟ ಭಾಗವಿದೆ. ಪ್ರವಾದಿಗಳ ಮತ್ತು ಅಪೊಸ್ತಲರ ಬರಹಗಳೊಂದೇ ನ್ಯಾಯಾಧೀಶ, ಅದೊಂದೇ ಅಳತೆಗೋಲು, ಅದೊಂದೇ ಒರೆಗಲ್ಲು; ಹಳೆಯವರದಾಗಲಿ ಹೊಸಬರದಾಗಲಿ ಬೇರೆ ಯಾವ ಬರಹವೂ ಅದಕ್ಕೆ ಸಮವಲ್ಲ, ಅವೆಲ್ಲ ಬರಿಯ ಸಾಕ್ಷಿಗಳು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಈ ‘ಬೇರೆ ಬರಹ’ಗಳ ಪಟ್ಟಿಯಲ್ಲಿ ಪುಸ್ತಕ ತನ್ನನ್ನೂ ಸೇರಿಸಿಕೊಳ್ಳುತ್ತದೆ. ಆಧಾರವಾಗಿ ಕೊಟ್ಟಿರುವುದು ಕೀರ್ತನೆ 119:105 ಮತ್ತು ಗಲಾತ್ಯದವರಿಗೆ 1:8.

ಅಂದಮೇಲೆ ಒಳ್ಳೆಯ ಆವೃತ್ತಿ ಯಾವುದು ಎಂಬ ಪ್ರಶ್ನೆಗೆ ಉತ್ತರ ನೇರ. ಅರಿಕೆಯ ಒಂದೊಂದು ಮಾತನ್ನೂ ಬೈಬಲಿನ ಎದುರು ಹಿಡಿದು ನೋಡಲು ಯಾವುದು ಹೆಚ್ಚು ನೆರವಾಗುತ್ತದೋ ಅದೇ ಒಳ್ಳೆಯದು. ಚಿನ್ನದ ಅಂಚು, ಬಣ್ಣದ ಚಿತ್ರ ಎಲ್ಲ ಆಮೇಲೆ.

ಒಳಗೆ ಏನೇನಿದೆ ಎಂದು ಮೊದಲು ನೋಡಿಬಿಡೋಣ. ಅಪೊಸ್ತಲರ, ನೈಸೀಯ ಮತ್ತು ಅಥನಾಸಿಯನ ಹೆಸರಿನ ಮೂರು ಹಳೆಯ ವಿಶ್ವಾಸಪ್ರಮಾಣಗಳು ಮೊದಲಿಗೆ. ಆಮೇಲೆ 1530ರ ಆಗ್ಸ್‌ಬರ್ಗ್ ಅರಿಕೆ, 28 ವಿಧಿಗಳು; ಮೊದಲ 21 ನಂಬಿಕೆಯ ಬಗ್ಗೆ, ಉಳಿದ 7 ಸರಿಪಡಿಸಿದ ದುರಾಚಾರಗಳ ಬಗ್ಗೆ. ಅದನ್ನು ಸಮರ್ಥಿಸಿ ಲೂಥರನ ಒಡನಾಡಿ ಫಿಲಿಪ್ ಮೆಲಾಂಕ್ತನ್ 1531ರಲ್ಲಿ ಬರೆದ ಅಪಾಲಜಿ. ಲೂಥರ್ ಬರೆದ ಷ್ಮಾಲ್ಕಾಲ್ಡ್ ವಿಧಿಗಳು ಮತ್ತು ಪೋಪರ ಅಧಿಕಾರದ ಬಗ್ಗೆ ಮೆಲಾಂಕ್ತನ್ ಬರೆದ ಪ್ರಬಂಧ, ಎರಡೂ 1537ರವು. ಲೂಥರನ ಚಿಕ್ಕ ಮತ್ತು ದೊಡ್ಡ ಕ್ಯಾಟೆಕಿಸಂಗಳು (ನಂಬಿಕೆಯ ಪಾಠಪುಸ್ತಕಗಳು), 1529. ಕೊನೆಗೆ 1577ರ ಫಾರ್ಮುಲಾ, 12 ವಿಧಿಗಳು. ಇವನ್ನೇ ಎಪಿಟಮಿ ಚಿಕ್ಕದಾಗಿಯೂ ‘ಸಾಲಿಡ್ ಡಿಕ್ಲರೇಷನ್’ ವಿಸ್ತಾರವಾಗಿಯೂ ಹೇಳುತ್ತವೆ. ಇದನ್ನು ಸಿದ್ಧಪಡಿಸಿದವರಲ್ಲಿ ಯಾಕೋಬ್ ಆಂಡ್ರೇಯೆ, ಮಾರ್ಟಿನ್ ಕೆಮ್ನಿಟ್ಸ್, ನಿಕೊಲಾಸ್ ಸೆಲ್ನೆಕರ್ ಪ್ರಮುಖರು. ಎಲ್ಲವನ್ನೂ ಒಟ್ಟು ಸೇರಿಸಿದ ಪುಸ್ತಕ ಡ್ರೆಸ್ಡೆನ್‌ನಲ್ಲಿ ಪ್ರಕಟವಾದದ್ದು 1580ರ ಜೂನ್ 25ರಂದು. ಆಗ್ಸ್‌ಬರ್ಗ್ ಅರಿಕೆಯನ್ನು ಚಕ್ರವರ್ತಿ ಐದನೇ ಚಾರ್ಲ್ಸ್ ಮುಂದೆ ಓದಿ ಅಂದಿಗೆ ಸರಿಯಾಗಿ 50 ವರ್ಷ. ಸಹಿ ಹಾಕಿದ್ದು 51 ಮಂದಿ ಅರಸರು ಮತ್ತು ಪಾಳೆಯಗಾರರು, 35 ನಗರಗಳು ಮತ್ತು ಸುಮಾರು 8,000 ಸಭಾಪಾಲಕರು, ಪಂಡಿತರು.

ಬೈಬಲಿಗೇ ಅಂತಿಮ ಮಾತು ಎನ್ನುವ ಈ ಸಂಪುಟದಲ್ಲಿ ‘ಪವಿತ್ರ ಗ್ರಂಥ’ ಎಂಬ ಹೆಸರಿನ ಪ್ರತ್ಯೇಕ ವಿಧಿಯೇ ಇಲ್ಲ ಎಂಬುದು ಹೊಸ ಓದುಗರಿಗೆ ಮೊದಲು ಆಗುವ ಆಶ್ಚರ್ಯ. ಆಗ್ಸ್‌ಬರ್ಗ್ ಅರಿಕೆ ಶುರುವಾಗುವುದೇ ದೇವರ ಕುರಿತ ವಿಧಿಯಿಂದ. 1530ರಲ್ಲಿ ಎದುರು ಪಕ್ಷದ ರೋಮನ್ ಕಥೋಲಿಕರೂ ಬೈಬಲಿನ ಅಧಿಕಾರವನ್ನು ಅಲ್ಲಗಳೆಯುತ್ತಿರಲಿಲ್ಲ, ಜಗಳವಿದ್ದದ್ದು ಅದರ ಜೊತೆಗೆ ಇನ್ನೇನನ್ನು ಕೂರಿಸಬಹುದು ಎಂಬುದರ ಮೇಲೆ. ಬೈಬಲಿನಲ್ಲಿ ಯಾವ ಯಾವ ಪುಸ್ತಕಗಳು ಸೇರುತ್ತವೆ ಎಂಬ ಪಟ್ಟಿಯೂ ಇಲ್ಲಿಲ್ಲ. 1546ರಲ್ಲಿ ಕಥೋಲಿಕರ ಟ್ರೆಂಟ್ ಸಮ್ಮೇಳನ ಕೊಟ್ಟಿತು, ಮುಂದೆ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್ ಅರಿಕೆಯೂ ಕೊಟ್ಟಿತು, ಲೂಥರನ್ನರು ಕೊಡಲಿಲ್ಲ. ಹಾಗಾಗಿ ‘ಲೂಥರನ್ನರ ಬೈಬಲ್ ಸಿದ್ಧಾಂತ ಯಾವ ಪುಟದಲ್ಲಿದೆ’ ಎಂದು ಪರಿವಿಡಿ ನೋಡುವವರಿಗೆ ನಿರಾಶೆ ಖಂಡಿತ. ಅದು ಪುಸ್ತಕದುದ್ದಕ್ಕೂ ಬಳಕೆಯಲ್ಲಿ ಹರಡಿಕೊಂಡಿದೆ.

ಆ ಬಳಕೆಯನ್ನು ಹತ್ತಿರದಿಂದ ನೋಡಲು ಷ್ಮಾಲ್ಕಾಲ್ಡ್ ವಿಧಿಗಳ ಎರಡನೇ ಭಾಗ, ಎರಡನೇ ವಿಧಿ ತೆಗೆಯಿರಿ, ಪ್ಯಾರಾ 13ರಿಂದ 15. ವಿಷಯ ಶುದ್ಧೀಕರಣ ಸ್ಥಳ, ಅಂದರೆ ಸತ್ತವರ ಆತ್ಮಗಳು ಸ್ವರ್ಗಕ್ಕೆ ಮುನ್ನ ಶುದ್ಧವಾಗುತ್ತವೆ ಎಂದು ಕಥೋಲಿಕರು ಹೇಳುವ ಸ್ಥಿತಿ. ಎದುರಾಳಿಗಳು ಆಗಸ್ಟೀನನನ್ನು ಸಾಕ್ಷಿಗೆ ಕರೆಯುತ್ತಾರೆ: ತನ್ನ ತೀರಿಹೋದ ತಾಯಿಯನ್ನು ಪೀಠದ ಬಳಿ ನೆನೆಯಬೇಕೆಂದು ಅವನು ಬರೆದಿಲ್ಲವೆ? ಲೂಥರ್ ಆಗಸ್ಟೀನನನ್ನು ಹಗುರ ಮಾಡುವುದಿಲ್ಲ. ಆದರೆ ಆಗಸ್ಟೀನನಂಥ ಸಭಾಪಿತೃಗಳ (ಪ್ರಾಚೀನ ಸಭೆಯ ಗುರುಗಳ) ಮಾತು ಅಥವಾ ನಡತೆಯಿಂದ ನಂಬಿಕೆಯ ವಿಧಿಗಳನ್ನು ಹೆಣೆಯಲಾಗದು. ಹಾಗೆ ಮಾಡಹೊರಟರೆ ಅವರ ಊಟ, ಬಟ್ಟೆ, ಮನೆಗಳೂ ವಿಧಿಗಳಾಗಬೇಕಾಗುತ್ತದೆ ಎನ್ನುತ್ತಾನೆ. ದೇವರ ವಾಕ್ಯವೇ ವಿಧಿಗಳನ್ನು ಸ್ಥಾಪಿಸಬೇಕು, ಬೇರೆ ಯಾರೂ ಅಲ್ಲ, ದೇವದೂತನೂ ಅಲ್ಲ. ಇದೇ ಮಾತನ್ನು ಲೂಥರನ ಮೇಲೂ ತಿರುಗಿಸಬಹುದಲ್ಲ? ತಿರುಗಿಸಲೇಬೇಕು. ಫಾರ್ಮುಲಾ 1577ರಲ್ಲಿ ಮಾಡಿದ್ದು ಅದನ್ನೇ.

ಲೂಥರನ್ನರು ಈ ಬರಹಗಳನ್ನು ನಂಬುವ ಕಾರಣವೂ ಇಲ್ಲೇ ಇದೆ. ಹಳೆಯದು ಎಂದೋ, ಲೂಥರ್ ಬರೆದದ್ದು ಎಂದೋ, ಅರಸರು ಸಹಿ ಹಾಕಿದ್ದು ಎಂದೋ ಅಲ್ಲ. ಬೈಬಲ್ ಹೇಳುವುದನ್ನೇ ಇವೂ ಹೇಳುತ್ತವೆ ಎಂದು ಪರೀಕ್ಷಿಸಿ ಒಪ್ಪಿಕೊಂಡದ್ದರಿಂದ. ಇಲ್ಲಿ ಎರಡು ಬಗೆಯ ಒಪ್ಪಿಗೆ ಚಾಲ್ತಿಯಲ್ಲಿವೆ. ಬೈಬಲಿಗೆ ಹೊಂದುತ್ತದೆ, ಆದ್ದರಿಂದ ಒಪ್ಪುತ್ತೇನೆ ಎನ್ನುವುದು ಒಂದು. ಬೈಬಲಿಗೆ ಎಷ್ಟು ಹೊಂದುತ್ತದೋ ಅಷ್ಟನ್ನು ಒಪ್ಪುತ್ತೇನೆ ಎನ್ನುವುದು ಇನ್ನೊಂದು. ಎರಡನೆಯದು ವಿನಯದ ಮಾತಿನಂತೆ ಕೇಳುತ್ತದೆ. ಆದರೆ ಅದೇ ಷರತ್ತಿನ ಮೇಲೆ ಯಾವ ಪುಸ್ತಕಕ್ಕೆ ಬೇಕಾದರೂ ಸಹಿ ಹಾಕಬಹುದು, ಹಾಗಾಗಿ ಸಭೆಗೆ ಅದರಿಂದ ಏನೂ ಖಚಿತವಾಗುವುದಿಲ್ಲ. ಅಮೆರಿಕದ ಮಿಸ್ಸೂರಿ ಸಿನಡ್ ತನ್ನ ಸಭಾಪಾಲಕರಿಂದ ಮೊದಲ ಬಗೆಯ ಒಪ್ಪಿಗೆಯನ್ನೇ ಕೇಳುತ್ತದೆ. ಅಲ್ಲಿನದೇ ಇನ್ನೊಂದು ದೊಡ್ಡ ಸಭೆ, ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕ, ಆಗ್ಸ್‌ಬರ್ಗ್ ಅರಿಕೆಯನ್ನು ಸುವಾರ್ತೆಯ ನಿಜ ಸಾಕ್ಷಿ ಎಂದೂ ಉಳಿದ ದಾಖಲೆಗಳನ್ನು ಅದರ ಸಮಂಜಸ ವ್ಯಾಖ್ಯಾನಗಳೆಂದೂ ಮೆಟ್ಟಿಲು ಮಾಡಿ ಸ್ವೀಕರಿಸುತ್ತದೆ. ಡೆನ್ಮಾರ್ಕ್, ನಾರ್ವೆ ಸಭೆಗಳು ಮೂರು ಪ್ರಾಚೀನ ಪ್ರಮಾಣ, ಆಗ್ಸ್‌ಬರ್ಗ್ ಅರಿಕೆ, ಚಿಕ್ಕ ಕ್ಯಾಟೆಕಿಸಂ ಇಷ್ಟಕ್ಕೇ ನಿಲ್ಲುತ್ತವೆ. ಪುಸ್ತಕ ಕೊಳ್ಳುವ ಮುನ್ನ ನಿಮ್ಮ ಸಭೆಯ ಸಂವಿಧಾನ ಎಷ್ಟರವರೆಗೆ ಒಪ್ಪಿದೆ ಎಂದು ನೋಡಿಕೊಳ್ಳುವುದು ಒಳಿತು.

ಒಪ್ಪಿಗೆ ಸಿದ್ಧಾಂತಕ್ಕೆ ಮಾತ್ರ, ಪುಸ್ತಕದೊಳಗಿನ ಪ್ರತಿಯೊಂದು ಲೋಕಜ್ಞಾನಕ್ಕಲ್ಲ. ಎಪಿಟಮಿಯ 1ನೇ ವಿಧಿ, ಪ್ಯಾರಾ 15 ನೋಡಿ. ಮೂಲಪಾಪ (ಹುಟ್ಟಿನಿಂದಲೇ ಮನುಷ್ಯನಿಗೆ ಅಂಟಿದ ಪಾಪ) ಬರಿಯ ಹೊರಗಿನ ಅಡ್ಡಿ, ಅಯಸ್ಕಾಂತಕ್ಕೆ ಬೆಳ್ಳುಳ್ಳಿ ರಸ ಸವರಿದರೆ ಅದರ ಸೆಳೆತ ಅಡಗುತ್ತದಲ್ಲ ಹಾಗೆ, ಎಂಬ ವಾದವನ್ನು ಅಲ್ಲಿ ತಿರಸ್ಕರಿಸಲಾಗಿದೆ. ಬೆಳ್ಳುಳ್ಳಿ ರಸ ಅಯಸ್ಕಾಂತಕ್ಕೆ ಏನೂ ಮಾಡುವುದಿಲ್ಲ ಎಂದು ಇವತ್ತು ಯಾವ ಹುಡುಗನೂ ಮನೆಯಲ್ಲೇ ಪರೀಕ್ಷಿಸಬಹುದು. ಆ ಕಾಲದವರು ನಂಬಿದ್ದರು, ಅಷ್ಟೇ. ತಿರಸ್ಕೃತವಾದದ್ದು ಮನುಷ್ಯನ ಆತ್ಮಿಕ ಬಲ ಹಾಗೇ ಉಳಿದಿದೆ, ಮೇಲಿನ ಲೇಪ ಒರೆಸಿದರೆ ಸಾಕು ಎಂಬ ವಿಚಾರ.

ಇದೇ ಉದಾಹರಣೆ ಇನ್ನೊಂದು ಹಳ್ಳವನ್ನೂ ತೋರಿಸುತ್ತದೆ, ಜನ ಅತಿ ಹೆಚ್ಚು ಬೀಳುವುದು ಅದರಲ್ಲೇ. ಎಪಿಟಮಿಯ ವಿಧಿಗಳಲ್ಲಿ ಮೊದಲು ವಿವಾದ ಏನೆಂಬುದು, ಆಮೇಲೆ ‘ನಾವು ಕಲಿಸುವುದು’, ಕೊನೆಗೆ ‘ನಾವು ತಿರಸ್ಕರಿಸುವುದು’. ತಿರಸ್ಕರಿಸಿದ ಮಾತುಗಳನ್ನು ಪೂರ್ಣ ವಾಕ್ಯವಾಗಿಯೇ, ಸಂಖ್ಯೆ ಹಾಕಿ ಬರೆದಿರುತ್ತದೆ. ಪದ ಹುಡುಕಿ ಒಂದು ಪ್ಯಾರಾ ಕತ್ತರಿಸಿ ತೆಗೆದವರು ಲೂಥರನ್ನರು ಖಂಡಿಸಿದ್ದನ್ನೇ ಲೂಥರನ್ ಬೋಧನೆ ಎಂದು ಹಂಚಿಬಿಡುತ್ತಾರೆ. ಫೋನಿನಲ್ಲಿ ಓದುವಾಗ ಈ ಅಪಾಯ ಹೆಚ್ಚು, ಯಾಕೆಂದರೆ ಶೀರ್ಷಿಕೆ ಮೇಲಕ್ಕೆ ಸರಿದುಹೋಗಿರುತ್ತದೆ. ಎಪಿಟಮಿಯಿಂದ ಏನೇ ಉಲ್ಲೇಖಿಸುವ ಮುನ್ನ ಹಿಂದಿನ ಶೀರ್ಷಿಕೆ ಸಿಗುವ ತನಕ ಮೇಲಕ್ಕೆ ಹೋಗಿ.

ಇನ್ನು ಒರೆಗೆ ಹಚ್ಚುವ ಕ್ರಮ. ಆಗ್ಸ್‌ಬರ್ಗ್ ಅರಿಕೆಯ 4ನೇ ವಿಧಿಯಿಂದ ಶುರುಮಾಡುವುದು ಸೂಕ್ತ. ಮಹತ್ವದಲ್ಲಿ ಎಲ್ಲಕ್ಕಿಂತ ದೊಡ್ಡದು, ಗಾತ್ರದಲ್ಲಿ ನಾಲ್ಕಾರು ಸಾಲು. ಮನುಷ್ಯರು ಸ್ವಂತ ಬಲ, ಪುಣ್ಯ, ಕ್ರಿಯೆಗಳಿಂದ ದೇವರ ಮುಂದೆ ನೀತಿವಂತರಾಗಲಾರರು, ಕ್ರಿಸ್ತನ ನಿಮಿತ್ತ ನಂಬಿಕೆಯ ಮೂಲಕ ಉಚಿತವಾಗಿ ಆ ನಿರ್ಣಯ ಹೊಂದುತ್ತಾರೆ ಎಂಬುದು ಸಾರ. ಕೊನೆಗೆ ಆಧಾರ: ರೋಮಾಪುರದವರಿಗೆ 3 ಮತ್ತು 4. ವಚನ ಸಂಖ್ಯೆ ಇಲ್ಲ. ಹೊಸ ಒಡಂಬಡಿಕೆಗೆ ಇವತ್ತಿನ ವಚನ ಸಂಖ್ಯೆಗಳನ್ನು ಹಾಕಿದ್ದು ಪ್ಯಾರಿಸ್ಸಿನ ಮುದ್ರಕ ರಾಬೆರ್ ಎಸ್ತಿಯೆನ್, ಅದೂ 1551ರ ಮುದ್ರಣದಲ್ಲಿ. 1530ರಲ್ಲಿ ಅವು ಇರಲೇ ಇಲ್ಲ. ಇಂದಿನ ಆವೃತ್ತಿಗಳಲ್ಲಿ ಚೌಕ ಕಂಸದೊಳಗೆ ಕಾಣುವ ವಚನ ಸಂಖ್ಯೆ ಸಂಪಾದಕರದ್ದು. ಅದನ್ನು ನಂಬಿ ಒಂದೇ ವಚನ ಓದಿ ಮುಚ್ಚಿದರೆ ಅರ್ಧ ಕೆಲಸ. 3:21ರಿಂದ 4ನೇ ಅಧ್ಯಾಯದ ಕೊನೆಯವರೆಗೆ ಒಟ್ಟಿಗೆ ಓದಬೇಕು, ಅಬ್ರಹಾಮನ ಪ್ರಸಂಗವೇ ಅಲ್ಲಿ ವಾದದ ಬೆನ್ನೆಲುಬು. ಆಮೇಲೆ ವಿರುದ್ಧ ದಿಕ್ಕಿಗೆ ಎಳೆಯುವ ವಚನವನ್ನು ನೀವೇ ಹುಡುಕಿ ಎದುರಿಗಿಡಿ. ಇಲ್ಲಿ ಅದು ಯಾಕೋಬ 2:24. ಅದಕ್ಕೆ ಅರಿಕೆಯ 4ನೇ ವಿಧಿಯಲ್ಲಿ ಉತ್ತರವಿಲ್ಲ, ಅಪಾಲಜಿಯ 4ನೇ ವಿಧಿಯಲ್ಲಿ ಇದೆ, ಪ್ಯಾರಾ 244ರಿಂದ. ಆ ಉತ್ತರ ಒಪ್ಪಿಗೆಯಾಗುತ್ತದೋ ಇಲ್ಲವೋ ಎಂಬುದು ಓದುಗರಿಗೆ ಬಿಟ್ಟದ್ದು. ಕಷ್ಟದ ವಚನವನ್ನು ಪುಸ್ತಕ ಬಚ್ಚಿಟ್ಟಿಲ್ಲ ಎಂಬುದನ್ನಂತೂ ಕಾಣಬಹುದು.

ಆ 244 ಎಂಬ ಸಂಖ್ಯೆ ಹಿಡಿದು ರೀಡರ್ಸ್ ಎಡಿಷನ್ ತೆರೆದರೆ ಏನೂ ಸಿಗುವುದಿಲ್ಲ. ಅರಿಕೆಗಳನ್ನು ಪುಟದಿಂದಲ್ಲ, ಪ್ಯಾರಾ ಸಂಖ್ಯೆಯಿಂದ ಉಲ್ಲೇಖಿಸುವುದು ರೂಢಿ, ಆವೃತ್ತಿ ಬದಲಾದರೂ ಅದು ಬದಲಾಗಬಾರದು ಎಂದು. ಬಹುಪಾಲು ಹಾಗೇ ಇದೆ. ಅಪಾಲಜಿಯಲ್ಲಿ ಮಾತ್ರ ಎರಡು ಕಡೆ ಸಂಪ್ರದಾಯ ಒಡೆದಿದೆ. ಕೋಲ್ಬ್–ವೆಂಗರ್ಟ್ ಮತ್ತು ಅದಕ್ಕಿಂತ ಹಿಂದಿನ 1959ರ ಟ್ಯಾಪರ್ಟ್ ಆವೃತ್ತಿಗಳಲ್ಲಿ 4ನೇ ವಿಧಿ 1ರಿಂದ 400ರವರೆಗೆ ಒಂದೇ ಓಟ. ಟ್ರಿಗ್ಲಾಟ್ಟಾ ಮತ್ತು ಅದನ್ನು ಆಧರಿಸಿದ ರೀಡರ್ಸ್ ಎಡಿಷನ್ 121ಕ್ಕೆ ನಿಲ್ಲಿಸಿ, ಪ್ರೀತಿ ಮತ್ತು ಧರ್ಮಶಾಸ್ತ್ರದ ನೆರವೇರಿಕೆ ಎಂಬ ಹೊಸ ತಲೆಬರಹ ಕೊಟ್ಟು ಮತ್ತೆ 1ರಿಂದ ಎಣಿಸುತ್ತವೆ. ಆ ತುಂಡನ್ನು ಟ್ರಿಗ್ಲಾಟ್ಟಾ 3ನೇ ವಿಧಿ ಎನ್ನುತ್ತದೆ, ರೀಡರ್ಸ್ ಎಡಿಷನ್ 5 (3) ಎಂದು ಬರೆಯುತ್ತದೆ. ಆದ್ದರಿಂದ 121 ಕಳೆಯಿರಿ. 244 ಅಲ್ಲಿ 123 ಆಗುತ್ತದೆ. 12ನೇ ವಿಧಿಯಲ್ಲೂ ಇದೇ ಕತೆ, ಅಲ್ಲಿ 97 ಕಳೆಯಬೇಕು. ಈ ಎರಡು ಸಂಖ್ಯೆಗಳನ್ನು ರಟ್ಟಿನ ಒಳಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡರೆ ಮುಂದೆ ತಾಪತ್ರಯ ತಪ್ಪುತ್ತದೆ.

ಈಗ ಒಂದೊಂದು ಆವೃತ್ತಿಯ ಬಗ್ಗೆ.

ಕೋಲ್ಬ್–ವೆಂಗರ್ಟ್ ಅಧ್ಯಯನಕ್ಕೆ ಮೊದಲ ಆಯ್ಕೆ. ದೊಡ್ಡ ಕಾರಣ ಆಗ್ಸ್‌ಬರ್ಗ್ ಅರಿಕೆಯ ಜರ್ಮನ್ ಪಾಠ ಮತ್ತು ಲ್ಯಾಟಿನ್ ಪಾಠ ಎರಡನ್ನೂ ಬೇರೆ ಬೇರೆಯಾಗಿ ಅನುವಾದಿಸಿ ಕೊಟ್ಟಿರುವುದು. 1530ರಲ್ಲಿ ಸಲ್ಲಿಸಿದ್ದು ಎರಡೂ ಭಾಷೆಗಳ ಪ್ರತಿ, ಸ್ಯಾಕ್ಸನಿಯ ಚಾನ್ಸಲರ್ ಕ್ರಿಶ್ಚಿಯನ್ ಬೇಯರ್ ಗಟ್ಟಿಯಾಗಿ ಓದಿದ್ದು ಜರ್ಮನ್ ಪ್ರತಿ. ಮೂಲ ಹಸ್ತಪ್ರತಿಗಳೆರಡೂ ಕಳೆದುಹೋಗಿವೆ. ಪಾಠಗಳಲ್ಲಿ ವ್ಯತ್ಯಾಸಗಳಿವೆ, ಅವು ಸಣ್ಣವಲ್ಲ. ಕರ್ತನ ಭೋಜನದ 10ನೇ ವಿಧಿಯಲ್ಲಿ ಕ್ರಿಸ್ತನ ದೇಹ ರಕ್ತಗಳು ನಿಜವಾಗಿ ಇವೆ, ಹಂಚಲ್ಪಡುತ್ತವೆ ಎಂದು ಲ್ಯಾಟಿನ್ ಹೇಳಿದರೆ, ಜರ್ಮನ್ ‘ರೊಟ್ಟಿ ಮತ್ತು ದ್ರಾಕ್ಷಾರಸದ ರೂಪದ ಕೆಳಗೆ’ ಎಂದು ಸೇರಿಸುತ್ತದೆ. 1540ರಲ್ಲಿ ಮೆಲಾಂಕ್ತನ್ ತಾನೇ ಇದನ್ನು ತಿದ್ದಿ, ರೊಟ್ಟಿ ದ್ರಾಕ್ಷಾರಸಗಳ ‘ಜೊತೆಗೆ’ ಕೊಡಲ್ಪಡುತ್ತವೆ ಎಂದು ಸಡಿಲಿಸಿದ. ಆ ತಿದ್ದಿದ ಪಾಠವನ್ನು, ದೇಹ ರಕ್ತಗಳು ರೊಟ್ಟಿ ದ್ರಾಕ್ಷಾರಸದಲ್ಲೇ ಇವೆ ಎಂದು ಒಪ್ಪದ ರಿಫಾರ್ಮ್ಡ್ (ಕ್ಯಾಲ್ವಿನ್ ಹಾದಿಯ) ಪಕ್ಷದವರೂ ಒಪ್ಪಬಹುದಾಗಿತ್ತು. ಲೂಥರನ್ ಸಭೆಗಳು ತಮ್ಮ ಸಂವಿಧಾನದಲ್ಲಿ ‘ತಿದ್ದದ ಆಗ್ಸ್‌ಬರ್ಗ್ ಅರಿಕೆ’ ಎಂದು ಒತ್ತಿ ಬರೆಯುವುದು ಈ ಕಾರಣಕ್ಕೇ. ಎಲ್ಲಿಂದಲೋ ಇಳಿಸಿಕೊಂಡ ಪ್ರತಿ ಅಸಲಿಯೋ ತಿದ್ದಿದ್ದೋ ಎಂಬ ಅನುಮಾನ ಬಂದರೆ 10ನೇ ವಿಧಿಯನ್ನೇ ಮೊದಲು ನೋಡಿ.

ಅಡಿಟಿಪ್ಪಣಿಗಳಲ್ಲೂ ಈ ಆವೃತ್ತಿಯದ್ದೇ ಮೇಲುಗೈ. ಅರಿಕೆಗಳು ಸಭಾಪಿತೃಗಳನ್ನು ಉಲ್ಲೇಖಿಸುವಾಗ ಕೆಲವೊಮ್ಮೆ ತಪ್ಪು ವ್ಯಕ್ತಿಯ ಹೆಸರು ಹಾಕಿವೆ. ಆಗ್ಸ್‌ಬರ್ಗ್ ಅರಿಕೆಯ 6ನೇ ವಿಧಿಯಲ್ಲಿ ಸಭಾಪಿತೃ ಅಂಬ್ರೋಸನದೆಂದು ಕೊಟ್ಟ ಮಾತು ನಿಜವಾಗಿ ಇಂದಿನ ಪಂಡಿತರು ಅಂಬ್ರೋಸಿಯಾಸ್ಟರ್ ಎಂದು ಕರೆಯುವ ಅಜ್ಞಾತ ಲೇಖಕನದು. 20ನೇ ವಿಧಿಯಲ್ಲಿ ಅಂಬ್ರೋಸನ ಹೆಸರಿಗೆ ಹಾಕಿದ ಕೃತಿ ಅಕ್ವಿಟೇನಿನ ಪ್ರಾಸ್ಪರ್ ಎಂಬವನದು. 16ನೇ ಶತಮಾನದಲ್ಲಿ ಎಲ್ಲರೂ ಹಾಗೇ ತಿಳಿದಿದ್ದರು. ಒಂದು ಸಾಕ್ಷಿಯ ಹೆಸರು ತಪ್ಪಾದರೆ ಅರಿಕೆ ಕುಸಿಯುತ್ತದೆಯೆ? ಇಲ್ಲ, ಯಾಕೆಂದರೆ ಭಾರವೆಲ್ಲ ಕೂತಿರುವುದು ರೋಮಾಪುರದವರಿಗೆ 3–4ರ ಮೇಲೆ, ಅಂಬ್ರೋಸನ ಮೇಲಲ್ಲ. ಆದರೂ ತಪ್ಪು ಎಂದು ತೋರಿಸುವ ಟಿಪ್ಪಣಿ ಓದುಗನಿಗೆ ಸಿಗಲೇಬೇಕು.

ಕೊರತೆಗಳೂ ಇವೆ. ಅಪಾಲಜಿಗೆ ಇವರು ಆಯ್ದ ಮೂಲ 1531ರ ಸೆಪ್ಟೆಂಬರಿನ ‘ಆಕ್ಟೇವೊ’ ಮುದ್ರಣ (ಹೆಸರು ಪುಟದ ಗಾತ್ರದಿಂದ ಬಂದದ್ದು). ಅದೇ ವರ್ಷದ ವಸಂತದಲ್ಲಿ ಬಂದ ‘ಕ್ವಾರ್ಟೊ’ ಮುದ್ರಣವನ್ನು ಮೆಲಾಂಕ್ತನ್ ಸಾಕಷ್ಟು ತಿದ್ದಿ ಬರೆದದ್ದು ಅದು. ಆದರೆ 1584ರ ಅಧಿಕೃತ ಲ್ಯಾಟಿನ್ ಬುಕ್ ಆಫ್ ಕಾಂಕಾರ್ಡ್ ಸೇರಿಸಿಕೊಂಡದ್ದು ಕ್ವಾರ್ಟೊವನ್ನು. ಸಹಿ ಹಾಕಿದ ಪಾಠವೇ ಬೇಕು ಎನ್ನುವವರಿಗೆ ಇದು ದೊಡ್ಡ ಆಕ್ಷೇಪ. ಉಳಿದವರಿಗೂ ಒಂದು ಕಿರಿಕಿರಿ: ಬೇರೆ ಪುಸ್ತಕದಲ್ಲಿ ಕಂಡ ಅಪಾಲಜಿ ವಾಕ್ಯ ಇಲ್ಲಿ ಅದೇ ಪ್ಯಾರಾದಲ್ಲಿ ಬೇರೆ ರೂಪದಲ್ಲಿ ಕಾಣುತ್ತದೆ, ಅಥವಾ ಕಾಣುವುದೇ ಇಲ್ಲ. ಅನುವಾದದ ತಪ್ಪೆಂದು ಗಾಬರಿ ಬೇಡ, ಮೂಲವೇ ಬೇರೆ. ಟಿಪ್ಪಣಿಗಳು ಲೂಥರನ ಬರಹಗಳ ವೈಮಾರ್ ಸಂಪುಟಗಳ ಕಡೆಗೆ ಬೆರಳು ತೋರಿಸುತ್ತವೆ. ದೊಡ್ಡ ಗ್ರಂಥಾಲಯ ಹತ್ತಿರವಿಲ್ಲದವರಿಗೆ ಅವುಗಳಿಂದ ಲಾಭ ಕಡಿಮೆ.

ರೀಡರ್ಸ್ ಎಡಿಷನ್ ಮನೆಗೆ, ಸಭೆಯ ಬೈಬಲ್ ಅಧ್ಯಯನಕ್ಕೆ ಹೇಳಿ ಮಾಡಿಸಿದಂತಿದೆ. ಟ್ರಿಗ್ಲಾಟ್ಟಾದ ಇಂಗ್ಲಿಷನ್ನು ಸರಳ ಮಾಡಿ, ಉದ್ದ ವಾಕ್ಯಗಳನ್ನು ತುಂಡರಿಸಿ, ಪ್ರತಿ ದಾಖಲೆಗೂ ಮುನ್ನುಡಿ, ಕಾಲಾನುಕ್ರಮ, ಪದಕೋಶ, ಚಿತ್ರಗಳನ್ನು ಸೇರಿಸಿದ್ದಾರೆ. 1580ರ ಪುಸ್ತಕದ ಕೊನೆಗಿದ್ದ ಸಭಾಪಿತೃಗಳ ಸಾಕ್ಷ್ಯಸಂಗ್ರಹವೂ ಇದೆ. ಬೈಬಲ್ ಆಧಾರಗಳು ಓಟದ ನಡುವೆಯೇ ಸಿಗುತ್ತವೆ, ಕಣ್ಣು ಪುಟದ ಬುಡಕ್ಕೆ ಹೋಗಬೇಕಿಲ್ಲ. ಆದರೆ ಈ ಅನುಕೂಲವೇ ಒಂದು ತೊಡಕನ್ನೂ ತಂದಿದೆ. ಮೆಲಾಂಕ್ತನ್, ಲೂಥರ್ ಉಲ್ಲೇಖಿಸಿದ್ದು ಅವರ ಕಾಲದ ಲ್ಯಾಟಿನ್ ಮತ್ತು ಜರ್ಮನ್ ಬೈಬಲುಗಳಿಂದ; ಇಲ್ಲಿ ಇಂದಿನ ಇಂಗ್ಲಿಷ್ ಸ್ಟ್ಯಾಂಡರ್ಡ್ ವರ್ಷನ್‌ನ ವಾಕ್ಯ ಕೂತಿರುತ್ತದೆ. ವಾದ ಒಂದು ಪದದ ಮೇಲೆ ನಿಂತಿದ್ದರೆ ಆ ಪದವೇ ಮಾಯವಾಗಿರಬಹುದು. ಅಂಥ ಜಾಗ ಬಂದಾಗ ಟ್ರಿಗ್ಲಾಟ್ಟಾ ತೆರೆಯಬೇಕು. ಪ್ರಕಾಶನ ಸಂಸ್ಥೆ ಮಿಸ್ಸೂರಿ ಸಿನಡ್‌ನದ್ದು, ಮುನ್ನುಡಿಗಳ ಧ್ವನಿಯೂ ಅದರದ್ದೇ. ಅದನ್ನು ಅರಿಕೆಯ ಮಾತು ಎಂದು ಬೆರೆಸಿಕೊಳ್ಳಬಾರದು. ಕೊಳ್ಳುವುದಾದರೆ 2006ರ ಎರಡನೇ ಆವೃತ್ತಿಯನ್ನೇ ಕೊಳ್ಳಿ.

ಟ್ರಿಗ್ಲಾಟ್ಟಾ ಹಕ್ಕುಸ್ವಾಮ್ಯ ಮುಗಿದ ಪುಸ್ತಕ, ಇಂಟರ್‌ನೆಟ್‌ನಲ್ಲಿ ಪೂರ್ತಿ ಉಚಿತ. ಫ್ರೀಡ್ರಿಕ್ ಬೆಂಟೆಯ ದೀರ್ಘ ಐತಿಹಾಸಿಕ ಪೀಠಿಕೆ ಒಂದೇ ಸಾಕು ಇಳಿಸಿಕೊಳ್ಳಲು. ಪಕ್ಷಪಾತ ಎದ್ದು ಕಾಣುತ್ತದೆ, ಮಾಹಿತಿಯೂ ಅಷ್ಟೇ ಇದೆ. ಇಂಗ್ಲಿಷ್ ಹಳೆಯದು, ಬಿಗಿ. ಕಾಸು ಖರ್ಚು ಮಾಡುವ ಮುನ್ನ ಈ ಪುಸ್ತಕ ತಮಗೆ ಹೊಂದುತ್ತದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಮೂರರಲ್ಲಿ ಯಾವುದನ್ನು ಕೊಂಡರೂ ಮೊದಲ ಪುಟದಿಂದ ಕೊನೆಯವರೆಗೆ ಓದಲು ಹೋಗಬೇಡಿ, ಅಪಾಲಜಿಯಲ್ಲಿ ಬಂಡಿ ಹೂತುಕೊಳ್ಳುತ್ತದೆ. ಚಿಕ್ಕ ಕ್ಯಾಟೆಕಿಸಂನಿಂದ ಶುರುಮಾಡಿ, ಒಂದೇ ಕೂತಲ್ಲಿ ಮುಗಿಯುತ್ತದೆ. ಫಾರ್ಮುಲಾ ಇದನ್ನೂ ದೊಡ್ಡದನ್ನೂ ಸೇರಿಸಿ ಸಾಮಾನ್ಯ ಜನರ ಬೈಬಲ್ ಎಂದೇ ಕರೆದಿದೆ. ಮುಖ್ಯವಾಗಿ ದೀಕ್ಷಾಸ್ನಾನದ ಭಾಗ ನೋಡಿ: ಅದು ಏನು, ಅದರಿಂದ ಏನು ಲಾಭ, ನೀರು ಇಂಥ ದೊಡ್ಡ ಕೆಲಸ ಹೇಗೆ ಮಾಡೀತು, ಅದರ ಅರ್ಥವೇನು ಎಂದು ನಾಲ್ಕು ಪ್ರಶ್ನೆಗಳು, ಪ್ರತಿ ಉತ್ತರದ ಬೆನ್ನಿಗೂ ಒಂದೊಂದು ವಚನ. ಮತ್ತಾಯ 28:19, ಮಾರ್ಕ 16:16, ತೀತನಿಗೆ 3:5–8, ರೋಮಾಪುರದವರಿಗೆ 6:4. ಬೋಧನೆ ಎಲ್ಲಿಂದ ಬಂತು ಎಂದು ಮಗುವಿಗೂ ಗೊತ್ತಾಗುವ ಹಾಗೆ ಕಟ್ಟಿದ ಭಾಗ ಇದು. ಇಡೀ ಸಂಪುಟದಲ್ಲಿ ಇದಕ್ಕಿಂತ ಅಚ್ಚುಕಟ್ಟಾದದ್ದು ಇಲ್ಲ. ಆಮೇಲೆ ಎಪಿಟಮಿಯ ‘ನಿಯಮ ಮತ್ತು ಮಾನದಂಡ’, ಆಗ್ಸ್‌ಬರ್ಗ್ ಅರಿಕೆಯ ಮೊದಲ 21 ವಿಧಿಗಳು, ದೊಡ್ಡ ಕ್ಯಾಟೆಕಿಸಂ, ಷ್ಮಾಲ್ಕಾಲ್ಡ್ ವಿಧಿಗಳು. ಅಪಾಲಜಿಯ 4ನೇ ವಿಧಿಗೆ ಅಷ್ಟರೊಳಗೆ ಹಲ್ಲು ಗಟ್ಟಿಯಾಗಿರುತ್ತದೆ. ಸಾಲಿಡ್ ಡಿಕ್ಲರೇಷನ್ ಕೊನೆಗೆ. ಅದರ 8ನೇ ವಿಧಿ, ಕ್ರಿಸ್ತನ ಎರಡು ಸ್ವಭಾವಗಳ ಕುರಿತದ್ದು, ಪಂಡಿತರಿಗೂ ಕಬ್ಬಿಣದ ಕಡಲೆ.

ದಶಾಜ್ಞೆಗಳ ಎಣಿಕೆಯಲ್ಲಿ ಎಚ್ಚರ ಬೇಕು. ಆಂಗ್ಲಿಕನ್ ಅಥವಾ ರಿಫಾರ್ಮ್ಡ್ ಎಣಿಕೆ ಕಲಿತವರಿಗೆ ವ್ಯಭಿಚಾರ ಮಾಡಬಾರದು ಎಂಬುದು ಏಳನೆಯದು, ಲೂಥರ್‌ಗೆ ಆರನೆಯದು. ವಿಗ್ರಹದ ಆಜ್ಞೆಯನ್ನು ಆತ ಬೇರೆಯಾಗಿ ಎಣಿಸುವುದಿಲ್ಲ, ಆಶಿಸಬಾರದು ಎಂಬುದನ್ನು ಎರಡಾಗಿ ಒಡೆಯುತ್ತಾನೆ. ಕಥೋಲಿಕರದ್ದೂ ಹೀಗೇ, ಆದರೆ ಕೊನೆಯ ಎರಡರ ಒಳಗೆ ವ್ಯತ್ಯಾಸವಿದೆ: ಲೂಥರನ ಒಂಬತ್ತನೆಯದು ನೆರೆಯವನ ಮನೆ, ಅವರದು ನೆರೆಯವನ ಹೆಂಡತಿ. ದೊಡ್ಡ ಕ್ಯಾಟೆಕಿಸಂನಲ್ಲಿ ‘ಐದನೆಯ ಆಜ್ಞೆ’ ಎಂದು ಕಂಡಾಗ ತಂದೆತಾಯಿಗಳನ್ನು ಹುಡುಕಿದರೆ ಸಿಗುವುದು ಕೊಲೆ.

ಬೈಗುಳಕ್ಕೂ ಸಿದ್ಧರಾಗಿರಿ. ಷ್ಮಾಲ್ಕಾಲ್ಡ್ ವಿಧಿಗಳಲ್ಲಿ ಪೋಪರಿಗೆ ಕ್ರಿಸ್ತವಿರೋಧಿ ಎಂಬ ಪಟ್ಟ, ಆಗ್ಸ್‌ಬರ್ಗ್ ಅರಿಕೆಯಲ್ಲಿ ಶಿಶುಗಳ ದೀಕ್ಷಾಸ್ನಾನವನ್ನು ಒಪ್ಪದ ಅನಾಬ್ಯಾಪ್ಟಿಸ್ಟರಿಗೆ ಮತ್ತೆ ಮತ್ತೆ ಖಂಡನೆ. ಆ ಖಂಡನೆಗಳು ಜನರನ್ನು ಹಿಂಸಿಸಲು ನೆಪವಾದವು. ಲೂಥರನ್ ವರ್ಲ್ಡ್ ಫೆಡರೇಷನ್ 2010ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸೇರಿದಾಗ ಅವರ ಪರಂಪರೆಯ ಮೆನೊನೈಟರಲ್ಲಿ ಇದಕ್ಕೆ ಕ್ಷಮೆ ಕೇಳಿತು. ನೀತಿವಂತಿಕೆಯ ವಿಷಯದಲ್ಲಿ ರೋಮ್ ಜೊತೆಗೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲೇ ಜಂಟಿ ಘೋಷಣೆಗೆ ಸಹಿ ಬಿತ್ತು. ಮಿಸ್ಸೂರಿ ಸಿನಡ್ ಅದನ್ನು ಒಪ್ಪಲಿಲ್ಲ. 2000 ಮತ್ತು 2006ರ ಆವೃತ್ತಿಗಳ ಟಿಪ್ಪಣಿಗಳನ್ನು ಓದುವಾಗ ಈ ಹಿನ್ನೆಲೆ ಗೊತ್ತಿರಬೇಕು.

ನಮ್ಮ ಕಡೆಯ ಓದುಗರಿಗೆ ಒಂದು ಮಾತು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನಲ್ಲಿ ವ್ಯುರ್ಟೆಂಬರ್ಗ್‌ನ ಲೂಥರನ್ನರೂ ಸ್ವಿಸ್ ರಿಫಾರ್ಮ್ಡರೂ ಬೆರೆತಿದ್ದರು, ಅದರ ಸಭೆಗಳು ಮುಂದೆ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದವು. ಕರಾವಳಿ, ಧಾರವಾಡ ಕಡೆಯ ಹಳೆಯ ಕ್ರೈಸ್ತ ಮನೆಗಳಲ್ಲಿ ಲೂಥರನ ಹೆಸರು ಕೇಳುತ್ತದೆ, ಆದರೆ ಬುಕ್ ಆಫ್ ಕಾಂಕಾರ್ಡ್‌ಗೆ ಬದ್ಧತೆ ಅಲ್ಲಿನ ಪರಂಪರೆಯಲ್ಲ. ಬದ್ಧತೆ ಇರುವುದು ಲೂಥರನ್ ಎಂಬ ಹೆಸರನ್ನೇ ಉಳಿಸಿಕೊಂಡ ಸಭೆಗಳಲ್ಲಿ: 1706ರ ತರಂಗಂಬಾಡಿ ಮಿಶನ್ನಿನ ಬೇರಿನ ತಮಿಳು ಸಭೆಗಳು, ಗುಂಟೂರು ಸೀಮೆಯ ಆಂಧ್ರ ಸಭೆ, ರಾಂಚಿಯ ಗೋಸ್ನರ್ ಸಭೆ, ಮಿಸ್ಸೂರಿ ಮೂಲದ ಇಂಡಿಯಾ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್. ಈ ಕೊನೆಯ ಸಭೆಯವರ ಉಲ್ಲೇಖಗಳು ರೀಡರ್ಸ್ ಎಡಿಷನ್ ಎಣಿಕೆಗೆ ಹೊಂದುವ ಸಂಭವ ಹೆಚ್ಚು. ಸೆಮಿನರಿ ವಿದ್ಯಾರ್ಥಿಗಳು ಬರೆಯುವ ಪ್ರಬಂಧಕ್ಕೆ ಕೋಲ್ಬ್–ವೆಂಗರ್ಟ್ ಬೇಕು. ಇಬ್ಬರೂ ಪಕ್ಕದಲ್ಲಿ ಕನ್ನಡ ಸತ್ಯವೇದ ಇಟ್ಟುಕೊಂಡು ಓದಿದರೆ ಇಂಗ್ಲಿಷ್ ಬೈಬಲ್ ಅನುವಾದಗಳ ನಡುವಿನ ಎಳೆದಾಟದಿಂದ ಸ್ವಲ್ಪ ಬಿಡುಗಡೆ ಸಿಗುತ್ತದೆ.

ಹಳೆ ಪುಸ್ತಕದಂಗಡಿಯಲ್ಲಿ ಟ್ಯಾಪರ್ಟ್ ಆವೃತ್ತಿ ಕಂಡರೆ ಬಿಡಬೇಡಿ. ಅರ್ಧ ಶತಮಾನದ ಎಷ್ಟೋ ಪ್ರಬಂಧಗಳು ಪ್ಯಾರಾ ಸಂಖ್ಯೆಯ ರೂಢಿ ಬಿಟ್ಟು ಅದರ ಪುಟಸಂಖ್ಯೆಯನ್ನು ಉಲ್ಲೇಖಿಸಿವೆ, ಅವುಗಳ ಜಾಡು ಹಿಡಿಯಲು ಬೇಕಾಗುತ್ತದೆ. ಕೊಳ್ಳುವ ಮುನ್ನ ಬೆನ್ನಿನ ಹೊಲಿಗೆ ನೋಡಿ, ಮತ್ತು ಅಪಾಲಜಿಯ 4ನೇ ವಿಧಿ ತೆರೆದು ಪ್ಯಾರಾ 400ರವರೆಗೆ ಹಾಳೆ ಪೂರ್ತಿ ಇದೆಯೇ ಎಂದು ಎಣಿಸಿಕೊಳ್ಳಿ. ಹೆಚ್ಚು ಮಗುಚಿದ ಪ್ರತಿಯಲ್ಲಿ ಮೊದಲು ಸಡಿಲಾಗುವುದು ಅದೇ ಭಾಗ.